ಮೊದಲ ಪುಟದ ಹೆಸರು

ಅಂತರಜಾಲದ ವಿಶ್ವಕೋಶಕ್ಕೆ ಬರೆಯುವುದನ್ನು ಶಿರಾದಲ್ಲಿ ಎರಡು ದಿನ ಹೇಳಿಕೊಡುತ್ತಾರಂತೆ, ಬನ್ನಿ ಮೇಡಂ ಎಂದು ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕರೆದಾಗ ನಾನು ಹೊರಟದ್ದು ಕಲಿಯುವ ಆಸೆಯಿಂದಲ್ಲ, ಹೊಟ್ಟೆಯುರಿಯಿಂದ. ಆ ವಿಶ್ವಕೋಶದಲ್ಲಿ ಒಬ್ಬರ ಬಗ್ಗೆ ಒಂದು ಪುಟವಿತ್ತು. ಮಧುಗಿರಿಯಲ್ಲಿ ಮನೆ ಕಟ್ಟಿಕೊಂಡಿರುವ ನಿವೃತ್ತ ಕನ್ನಡ ಉಪನ್ಯಾಸಕರು. ಅವರನ್ನು ಅಲ್ಲಿ ರಂಗಕವಿ ಎಂದು ಕರೆದಿದ್ದರು. ಕೆಳಗೆ ಅವರ ಪುಸ್ತಕದಿಂದ ಎತ್ತಿದ ಎರಡು ಸಾಲು ಪದ್ಯವೂ ಇತ್ತು. ಆ ಎರಡು ಸಾಲು ಹುಟ್ಟಿದ್ದು ಗೌಡಗೆರೆ ಹೋಬಳಿಯ ನಮ್ಮ ಮನೆಯ ಜಗಲಿಯ ಮೇಲೆ, ನನ್ನ ಅಪ್ಪನ ಬಾಯಲ್ಲಿ. ನಾನು ಪಕ್ಕದಲ್ಲೇ ಕೂತು ಕಡಲೇಕಾಯಿ ಸುಲಿಯುತ್ತಿದ್ದೆ.

ಅಪ್ಪ ನಾಟಕದ ಮೇಷ್ಟ್ರು. ನಮ್ಮ ಕಡೆಯವರಿಗೆ ಅಷ್ಟು ಹೇಳಿದರೆ ಸಾಕು, ಬೇರೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಒಂದು ಊರಿನ ಹತ್ತು ಹದಿನೈದು ಗಂಡಸರಿಗೆ ಪೌರಾಣಿಕ ನಾಟಕ ಆಡುವ ಹುಕಿ ಬರುತ್ತದೆ. ಬೇಸಾಯದವರು, ಲಾರಿ ಡ್ರೈವರು, ಪಂಚಾಯ್ತಿಯ ಬಿಲ್ ಕಲೆಕ್ಟರು, ಒಬ್ಬ ಸೋಡಾ ಅಂಗಡಿಯವನು. ಯಾರಿಗೂ ತಾಳದ ಗಂಧವಿರುವುದಿಲ್ಲ. ಆಗ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಎರಡು ಮೂರು ತಿಂಗಳು ಆ ಊರಿನಲ್ಲೇ ಉಳಿದು, ದಿನಾ ಸಂಜೆ ಅವರನ್ನು ಕೂರಿಸಿಕೊಂಡು ಹಾಡಿಸುವವನು ನಾಟಕದ ಮೇಷ್ಟ್ರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕಿನಲ್ಲಿ ಅಪ್ಪ ಕಾಲಿಡದ ಹೋಬಳಿ ಇಲ್ಲ. ಬೇರೆ ಮೇಷ್ಟ್ರುಗಳು ಅಚ್ಚಾದ ನಾಟಕವನ್ನೇ ಕಲಿಸುತ್ತಿದ್ದರು. ಅಪ್ಪನಿಗೆ ಅದು ಒಗ್ಗಲಿಲ್ಲ. ಒಬ್ಬೊಬ್ಬನ ಗಂಟಲು ನೋಡಿ, ಅವನ ಉಸಿರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಅಳೆದು, ಹೊಸದಾಗಿ ಪದ್ಯ ಕಟ್ಟುತ್ತಿದ್ದ. ಓದಿದ್ದು ನಾಲ್ಕನೇ ಕ್ಲಾಸು. ಕಟ್ಟುತ್ತಿದ್ದುದೆಲ್ಲ ಬಾಯಲ್ಲೇ.

ಪಾಠದ ಮೊದಲ ದಿನ ಪ್ರತಿಯೊಬ್ಬನೂ ಇನ್ನೂರು ಪೇಜಿನ ಒಂದು ನೋಟ್‌ಬುಕ್ ತರಬೇಕಿತ್ತು. ಅಪ್ಪ ಹಾರ್ಮೋನಿಯಂಗೆ ಪೂಜೆ ಮಾಡಿ, ನೋಟ್‌ಬುಕ್ಕಿನ ಮೂಲೆಗೆ ಅರಿಶಿನ ಹಚ್ಚಿ, ಮೊದಲ ಪುಟದಲ್ಲಿ ಹೆಸರು ಬರೆಸುತ್ತಿದ್ದ. ತನ್ನ ಹೆಸರಲ್ಲ, ಪಾರ್ಟುದಾರನ ಹೆಸರು. ಭಯಭಕ್ತಿಯ ಯಾರಾದರೊಬ್ಬ "ನಿಮ್ ಎಸ್ರು ಬರ್ಕಳ್ಳಲಾ ಮೇಷ್ಟ್ರೇ?" ಎಂದು ಕೇಳಿಯೇ ಕೇಳುತ್ತಿದ್ದ. ಅಪ್ಪ ಗದರುತ್ತಿದ್ದ. "ಲೇ, ನನ್ ಎಸ್ರು ಬರ್ಕಂಡ್ರೆ ಈಸ್ಕಂಡ ಅಂಗಿ ತೊಟ್ಕಂಡಂಗೆ ಮುದುರ್ಕಂಡು ಆಡ್ತೀಯ ಕಣ್ಲಾ. ನಿನ್ ಎಸ್ರು ಬರಿ. ಪದ್ಯ ನಿಂದು ಅಂತ ಅನ್ನುಸ್ದಿದ್ರೆ ಬಾಯಿಗ್ ಬರಾಕಿಲ್ಲ."

ನನಗೂ ಅಂಥದೊಂದು ನೋಟ್‌ಬುಕ್ ಇದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಜಗಲಿಯ ಮೇಲೆ ಕೂರಿಸಿಕೊಂಡು ಎರಡು ನಾಟಕದ ಅಷ್ಟೂ ಪದ್ಯಗಳನ್ನು ಹೇಳಿ ಬರೆಸಿದ. ಇಡೀ ಬೇಸಿಗೆ ರಜೆ ಅದಕ್ಕೇ ಹೋಯಿತು. ಒಂದಕ್ಷರ ತಪ್ಪಿದರೆ ಪುಟವನ್ನೇ ಹರಿಸಿ ಮತ್ತೆ ಬರೆಸುತ್ತಿದ್ದ. ಮೊದಲ ಪುಟಕ್ಕೆ ಬಂದಾಗ ನನಗೂ ಅದೇ ಅಪ್ಪಣೆ. ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು, ತರಗತಿ, ಊರು ಬರೆದೆ. ಮೂಲೆಯಲ್ಲಿ ಅಪ್ಪನ ಬೆರಳಿನ ಅರಿಶಿನ ಈಗಲೂ ಇದೆ.

ಉಪನ್ಯಾಸಕರು ವಯಸ್ಸಿನಲ್ಲಿದ್ದಾಗ ತಮ್ಮ ಊರಿನ ನಾಟಕದಲ್ಲಿ ರಾಣಿಯ ಪಾರ್ಟು ಮಾಡಿದ್ದರು. ಕಲಿಸಿದ್ದು ಅಪ್ಪ. ಅವರು ತಮ್ಮ ಪಾರ್ಟನ್ನು ಮಾತ್ರವಲ್ಲ, ಪಕ್ಕದವರ ನೋಟ್‌ಬುಕ್ಕುಗಳನ್ನೂ ಈಸಿಕೊಂಡು ಆ ನಾಟಕದ ಎಲ್ಲ ಪದ್ಯ ಬರೆದುಕೊಂಡಿದ್ದರು. ಮುಂದೆ ಕೆಲಸ ಸಿಕ್ಕಿತು, ಶಾಲು ಹಾರ ಸಿಕ್ಕಿದವು, ಅಪ್ಪ ಹೋದ ಮಾರನೇ ವರ್ಷ ಪುಸ್ತಕ ಅಚ್ಚಾಯಿತು. ಮುಖಪುಟದಲ್ಲಿ ಅವರ ಹೆಸರು. ಮುನ್ನುಡಿಯ ಕೊನೆಯಲ್ಲಿ, ಡಿಟಿಪಿ ಮಾಡಿದವರಿಗೆ ಕೃತಜ್ಞತೆ ಹೇಳುವ ಜಾಗದಲ್ಲಿ, ಹಾರ್ಮೋನಿಯಂ ಸಾಥ್ ನೀಡಿದವರು ಎಂದು ಅಪ್ಪನ ಹೆಸರು. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ.

ಶಿರಾದ ತರಬೇತಿಗೆ ಬಂದಿದ್ದವರಲ್ಲಿ ಅರ್ಧಕ್ಕರ್ಧ ಜನ ತಮ್ಮ ಕಾಲೇಜು, ತಮ್ಮ ಮಠ, ತಮ್ಮ ಶಾಸಕರ ಬಗ್ಗೆ ಬರೆಯಲು ಬಂದವರು. ಹೇಳಿಕೊಡಲು ತುಮಕೂರಿನಿಂದ ಬಂದಿದ್ದ ಹೆಣ್ಣುಮಗಳು ನಗುನಗುತ್ತಲೇ ಎಲ್ಲರ ಆಸೆಗೂ ತಣ್ಣೀರು ಎರಚಿದಳು. ಬೇರೆಯವರು ಬರೆದದ್ದನ್ನು ಎತ್ತಿ ಹಾಕುವಂತಿಲ್ಲ, ಅದಕ್ಕೆ ಹಕ್ಕುಸ್ವಾಮ್ಯವಿದೆ. ಪುಸ್ತಕದಲ್ಲಿ ಓದಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಯಾವ ಪುಸ್ತಕ ಎಂದು ಕೆಳಗೆ ನಮೂದಿಸಿ. ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ, ನಿಮಗೆ ಸಂಬಳ ಕೊಡುವವರ ಬಗ್ಗೆ ಬರೆಯಬೇಡಿ. ಅದನ್ನು ಹಿತಾಸಕ್ತಿಯ ಸಂಘರ್ಷ ಅನ್ನುತ್ತಾರೆ. ಬರೆಯಲೇಬೇಕಾದರೆ ನಿಮ್ಮ ಸಂಬಂಧ ಏನು ಎಂದು ಆ ಪುಟಕ್ಕೆ ಅಂಟಿಕೊಂಡಿರುವ ಚರ್ಚೆ ಪುಟದಲ್ಲಿ ಬಾಯಿಬಿಟ್ಟು ಹೇಳಿ.

ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, "ನಮ್ ಮನೇವ್ರ ಬಗ್ಗೆ ನಾವಲ್ದೆ ಇನ್ಯಾರ್ ಬರೀತಾರೆ ಮೇಡಂ?" ಎಂದರು. ಎಲ್ಲರೂ ನಕ್ಕರು.

"ನಿಜವಾಗಲೂ ಸಾಧನೆ ಮಾಡಿದವರಾದರೆ ಬೇರೆಯವರು ಬರೆದೇ ಇರುತ್ತಾರೆ ಸರ್" ಎಂದಳು ಆಕೆ.

ನಾನು ನಗಲಿಲ್ಲ. ನಿಯಮಗಳು ತಪ್ಪು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಹಾಗೆ ಕಟ್ಟುನಿಟ್ಟು ಇಲ್ಲದಿದ್ದರೆ ಆ ವಿಶ್ವಕೋಶ ನಮ್ಮ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಆಗಿಬಿಡುತ್ತಿತ್ತು. ಆದರೆ ಅಪ್ಪನ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲವಲ್ಲ ಎಂದರೆ ಅಪ್ಪ ಇರಲೇ ಇಲ್ಲವೇ?

ಎರಡನೇ ದಿನ ಮಧ್ಯಾಹ್ನ ನಾನು ಅಪ್ಪನ ಪುಟ ಬರೆದೆ. ನಾಲ್ಕು ಪ್ಯಾರಾ, ಕೆಳಗೆ ಮೂರು ಪದ್ಯ. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ತಪ್ಪದಂತೆ ಪದ್ಯಗಳನ್ನು ಟೈಪು ಮಾಡಿದೆ. ಚರ್ಚೆ ಪುಟದಲ್ಲಿ, ಹೇಳಿಕೊಟ್ಟ ಹಾಗೆ, ಇವರು ನನ್ನ ತಂದೆ ಎಂದು ಬರೆದೆ. ಅಂದು ತರಬೇತಿಗೆ ಬಂದಿದ್ದವರಲ್ಲಿ ಸಂಬಂಧ ಹೇಳಿಕೊಂಡವಳು ನಾನೊಬ್ಬಳೇ. ಸಂಜೆ ಬಸ್ಸಿನಲ್ಲಿ ಮಧುಗಿರಿಯ ನನ್ನ ಮನೆಗೆ ಬರುವಷ್ಟರಲ್ಲಿ ಪುಟ ಮಾಯವಾಗಿತ್ತು.

ಅಳಿಸಿದ್ದು ಆ ವಿಶ್ವಕೋಶದ ಒಬ್ಬ ನಿರ್ವಾಹಕರು. ಅಲ್ಲಿ ಯಾರೂ ನಿಜ ಹೆಸರು ಹಾಕಬೇಕಿಲ್ಲ, ಇವರು ಒಂದು ಹಕ್ಕಿಯ ಹೆಸರಿಟ್ಟುಕೊಂಡಿದ್ದರು. ಗಂಡೋ ಹೆಣ್ಣೋ ತಿಳಿಯದು. ಬೈದು ಬರೆದಿದ್ದರೆ ನಾನೂ ಬೈದು ಮುಗಿಸಬಹುದಿತ್ತು, ತುಂಬ ವಿನಯದಿಂದ ಬರೆದಿದ್ದರು. ಈ ಪದ್ಯಗಳು ಇಂಥವರ ಪುಸ್ತಕದಲ್ಲಿ ಅಚ್ಚಾಗಿವೆ, ಅವರ ಅನುಮತಿ ಇಲ್ಲದೆ ಹಾಕುವಂತಿಲ್ಲ. ಉಳಿದ ಬರಹಕ್ಕೆ ಮುದ್ರಿತ ಆಧಾರವಿಲ್ಲ. ಅಲ್ಲದೆ ತಾವೇ ಹೇಳಿಕೊಂಡಂತೆ ತಾವು ಮಗಳು. ಹೊಸಬರಾದ ತಮಗೆ ಸ್ವಾಗತ.

ಪದ್ಯಗಳು ನಮ್ಮಪ್ಪನವು, ನನ್ನ ಹತ್ತಿರ ಹಳೆಯ ನೋಟ್‌ಬುಕ್ ಇದೆ ಎಂದು ಬರೆದೆ. ನೋಟ್‌ಬುಕ್ಕಿನಲ್ಲಿ ಯಾರ ಹೆಸರಿದೆ ಎಂದು ಕೇಳಿದರು. ನನ್ನದು ಎಂದೆ. ಮನೆಯವರಲ್ಲದ ಯಾರಾದರೂ ಅಚ್ಚು ಮಾಡಿಸಿದ್ದು ಏನಾದರೂ ಇದೆಯೇ, ಒಂದು ಚೂರು ಕಾಗದವಾದರೂ ಆದೀತು ಎಂದರು. ಇಲ್ಲ ಎಂದೆ. ಉಪನ್ಯಾಸಕರ ಪುಟ ಬರೆದಿರುವುದು ಅವರ ಅಳಿಯನೇ, ಅವನು ಸಂಬಂಧ ಹೇಳಿಕೊಂಡಿಲ್ಲ, ಬೇಕಾದರೆ ಮಧುಗಿರಿಯಲ್ಲಿ ಯಾರನ್ನಾದರೂ ಕೇಳಿ ಎಂದು ಹೆಸರು ಹಿಡಿದು ಬರೆದೆ. ಆಗ ಎಚ್ಚರಿಕೆ ಬಂದದ್ದು ನನಗೆ! ಇನ್ನೊಬ್ಬ ಸಂಪಾದಕರ ನಿಜವಾದ ಗುರುತನ್ನು ಬಯಲು ಮಾಡುವುದು ದೊಡ್ಡ ತಪ್ಪಂತೆ, ಮತ್ತೆ ಮಾಡಿದರೆ ನನ್ನ ಖಾತೆಯನ್ನು ತಡೆಹಿಡಿಯುತ್ತಾರಂತೆ. ಮುಚ್ಚಿಟ್ಟವನಿಗೆ ರಕ್ಷಣೆ, ಹೇಳಿಕೊಂಡವಳಿಗೆ ಎಚ್ಚರಿಕೆ. ಮೂವತ್ತು ವರ್ಷದಿಂದ ಮಕ್ಕಳಿಗೆ ನಿಜ ಹೇಳಿ ನಿಜ ಹೇಳಿ ಎಂದು ಪಾಠ ಮಾಡುತ್ತಿರುವ ನನ್ನ ಮುಖಕ್ಕೆ ಯಾರೋ ಬಾರಿಸಿದಂತಾಯಿತು.

ಭಾನುವಾರ ಉಪನ್ಯಾಸಕರ ಮನೆಗೆ ಹೋದೆ. ಜಗಳಕ್ಕೆ ಸೆರಗು ಕಟ್ಟಿಕೊಂಡೇ ಹೋಗಿದ್ದೆ. ಅವರು ಬಾಗಿಲಿಗೆ ಬಂದು "ಬಾಮ್ಮಾ, ಮೇಷ್ಟ್ರ ಮಗಳು ನಮ್ಮನೆಗೆ ಬರೋದು ಅಂದ್ರೆ" ಎಂದು ಕೂರಿಸಿದರು. ಕಾಫಿ ಬಂತು, ನಿಪ್ಪಟ್ಟು ಬಂತು. ಕೇಳುವುದನ್ನು ಕೇಳಿಯೇಬಿಟ್ಟೆ.

"ಅಪ್ಪನ ಪದ್ಯಕ್ಕೆ ನಿಮ್ಮ ಹೆಸರು ಯಾಕೆ ಸರ್ ಹಾಕ್ಕೊಂಡ್ರಿ?"

ಅವರು ಸ್ವಲ್ಪವೂ ಅಳುಕಲಿಲ್ಲ. ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿದರು. ಮೂಲೆಯಲ್ಲಿ ಅದೇ ಅರಿಶಿನ. ಅದೇ ಬೆರಳು. ಪಕ್ಕದಲ್ಲಿ ಅವರ ಹೆಸರು, ಮುತ್ತು ಪೋಣಿಸಿದ ಹಾಗೆ.

"ನೋಡಮ್ಮ. ನಾನೆಲ್ಲಿ ಹಾಕ್ಕೊಂಡೆ? ನಿಮ್ಮಪ್ಪನೇ ಬರೆಸಿದ್ದು."

"ಅದು ಪಾರ್ಟು ಬಾಯಿಗೆ ಬರಲಿ ಅಂತ."

"ಇರಬಹುದು. ಆದ್ರೆ ನಿಮ್ಮಪ್ಪನ ಪದ್ಯದಲ್ಲಿ ಛಂದಸ್ಸು ಎಲ್ಲಿತ್ತು ಹೇಳು? ಅದನ್ನ ಕೂರಿಸಿದವನು ನಾನು. ನಾನು ಅಚ್ಚು ಹಾಕಿಸದಿದ್ದರೆ ಇವತ್ತು ಒಂದು ಸಾಲೂ ಇರ್ತಿರಲಿಲ್ಲ. ನೀನು ಕನ್ನಡ ಟೀಚರು, ನೀನಾದ್ರೂ ಹಾಕಿಸಿದ್ಯಾ?"

ಈ ಕೊನೆಯ ಮಾತು ನಿಜವಾಗಿತ್ತು. ಅದಕ್ಕೇ ನನಗೆ ಅವರ ಮೇಲೆ ಇನ್ನೂ ಸಿಟ್ಟು ಬಂತು. ಅಪ್ಪ ಹೋಗಿ ಏಳು ವರ್ಷ. ಅಷ್ಟೂ ವರ್ಷ ನೋಟ್‌ಬುಕ್ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇತ್ತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ಒಂದು ಚೂರು ಕಾಗದವಾದರೂ ಆದೀತು ಎಂದು ಹಕ್ಕಿ ಹೇಳಿತ್ತಲ್ಲ, ಹುಡುಕಲು ಹೊರಟೆ. ರಜೆ ಹಾಕಿ ಅಪ್ಪನ ಶಿಷ್ಯರ ಊರುಗಳನ್ನು ಸುತ್ತಿದೆ. ತಾವರೆಕೆರೆಯಲ್ಲಿ ಒಬ್ಬರು ನೋಟ್‌ಬುಕ್ಕನ್ನು ದೇವರ ಗೂಡಿನಲ್ಲಿಟ್ಟು ದಿನಾ ಊದುಬತ್ತಿ ಬೆಳಗುತ್ತಿದ್ದರು. ಕಣ್ಣಲ್ಲಿ ನೀರು ಬಂತು. ಇದು ಯಾರು ಕಟ್ಟಿದ ಪದ್ಯ ಗೊತ್ತಾ ಎಂದು ಆಸೆಯಿಂದ ಕೇಳಿದೆ. "ನಂದೇ ಕಣಮ್ಮ, ಎಸ್ರು ನೋಡು" ಎಂದು ಮೊದಲ ಪುಟ ತೆರೆದರು. ಕಟ್ಟಿದ್ದು ಯಾರು ಎಂದು ಮತ್ತೆ ಕೇಳಿದೆ. "ಮೇಷ್ಟ್ರು ಹೇಳ್ಕೊಟ್ರು. ಯಾವ್ ಪುಸ್ತಕದ್ದೋ ಏನೋ, ನಮ್ಗೆಂಗೆ ಗೊತ್ತಾಗ್ತದೆ ಬುಡು." ಕೊರಟಗೆರೆ ಕಡೆಯ ಮೂರು ಮನೆಯಲ್ಲೂ ಇದೇ ಕತೆ. ಒಂದೇ ಪದ್ಯ, ನಾಲ್ಕು ನೋಟ್‌ಬುಕ್, ನಾಲ್ಕು ಹೆಸರು. ಅಪ್ಪನ ಹೆಸರು ಒಂದರಲ್ಲೂ ಇಲ್ಲ. ಆ ದಿನ ನನಗೆ ಅಪ್ಪನ ಮೇಲೂ ಕೋಪ ಬಂತು. ಊರಿಗೆಲ್ಲ ಅಂಗಿ ಹೊಲಿದು ಕೊಟ್ಟು ತಾನು ಬರಿಮೈಯಲ್ಲಿ ಹೋದ ಮನುಷ್ಯ. ಒಳ್ಳೆಯವನಾಗಿರಬೇಕು, ನಿಜ, ಆದರೆ ಇಷ್ಟು ದಡ್ಡನಾಗಿರಬೇಕಿತ್ತೇ?

ಕೊನೆಗೆ ಉಳಿದದ್ದು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಊರು. ಅಲ್ಲಿಯ ರಾಜಪಾರ್ಟಿನವರು ಬಸ್ ಡ್ರೈವರಾಗಿ ನಿವೃತ್ತರಾದವರು. ಅಪ್ಪ ಎರಡನೇ ನಾಟಕವನ್ನು ಕಟ್ಟಿದ್ದೇ ಅವರ ಕಂಠಕ್ಕಾಗಿ. ಉಪನ್ಯಾಸಕರ ಪುಸ್ತಕದಲ್ಲಿರುವುದು ಮೊದಲ ನಾಟಕ ಮಾತ್ರ, ಈ ಎರಡನೆಯದು ಅವರ ಕೈಗೆ ಸಿಕ್ಕಿರಲಿಲ್ಲ. ಹೋದರೆ ಮನೆಯಲ್ಲಿ ಅವರ ಸೊಸೆ ಇದ್ದಳು. ಮಾವ ಊರಿನಲ್ಲಿಲ್ಲ ಎಂದು ತೆಲುಗು ಬೆರೆತ ಗಡಿಯ ಕನ್ನಡದಲ್ಲಿ ಹೇಳಿದಳು.

"ಮಾಮ ಊರ್ನಾಗೆ ಲೇರಕ್ಕಾ, ಮಗಳ ಮನೆಗೆ ಹೋಗವ್ರೆ. ವಾರ ಬುಟ್ಟು ಬರ್ತಾರೆ. ನಾಟಕದ್ದು ಏದೋ ಗುಲಾಬಿ ಕಾಗ್ದ ಬೀರುನಾಗೆ ಮಡಗವ್ರೆ, ಬೀಗ ಅವ್ರ ತಾವೇ ಐತೆ. ಅವ್ರು ಬರೋಗಂಟ ಇರಿ ಅಕ್ಕಾ."

ನಾಟಕದ ಕರಪತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಮುಖ್ಯ ಅತಿಥಿಗಳು, ಪಾರ್ಟುದಾರರು, ಸೀನರಿಯವರು, ಲೈಟಿನವರು ಎಲ್ಲರೂ ಆದ ಮೇಲೆ ಮೂಲೆಯಲ್ಲಿ ಹಾರ್ಮೋನಿಯಂ ಎಂದು ಅಪ್ಪನ ಹೆಸರಿರುತ್ತಿತ್ತು. ಅದನ್ನೇ ಉಪನ್ಯಾಸಕರೂ ಹಾಕಿದ್ದರಲ್ಲ. ಅದಕ್ಕಾಗಿ ಇನ್ನೊಂದು ವಾರ ಯಾರು ಕಾಯುತ್ತಾರೆ? ಸೊಸೆಯ ಮೊಬೈಲ್ ನಂಬರ್ ತೆಗೆದುಕೊಂಡು ಮುಂದಿನ ಬಸ್ಸಿಗೇ ಹೊರಟೆ. ಹತ್ತು ದಿನ ಸುತ್ತಿ ತಲೆ ಕೆಟ್ಟುಹೋಗಿತ್ತು.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ನನ್ನ ನೋಟ್‌ಬುಕ್ಕಿನ ಎರಡನೇ ನಾಟಕದ ಪುಟಗಳನ್ನು ಒಂದೊಂದಾಗಿ ಫೋಟೊ ತೆಗೆದೆ. ಜೊತೆಗೆ ಮೊದಲ ಪುಟವನ್ನೂ. ವಿಶ್ವಕೋಶಕ್ಕೆ ಸೇರಿದ ಚಿತ್ರಭಂಡಾರ ಒಂದಿದೆ, ಅಲ್ಲಿಗೆ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಅದು ಮೊದಲು ಕೇಳುವುದೇ ಇದು ಯಾರ ಕೃತಿ ಎಂದು. ಎರಡು ಆಯ್ಕೆ. ಬೇರೆಯವರದು ಎಂದು ಒತ್ತಿದರೆ ಕರ್ತೃವಿನ ಹೆಸರು, ಅವರು ತೀರಿಕೊಂಡ ವರ್ಷ, ಹಕ್ಕುದಾರರ ಒಪ್ಪಿಗೆ ಪತ್ರ, ಅದಕ್ಕೆ ಪುರಾವೆ ಎಂದು ಬಾಲ ಬೆಳೆಯುತ್ತ ಹೋಗುತ್ತದೆ. ನನ್ನ ಸ್ವಂತದ್ದು ಎಂದು ಒತ್ತಿದರೆ ಮುಗಿಯಿತು.

ನನ್ನ ಕೈಬರಹ. ನಾನು ತೆಗೆದ ಫೋಟೊ. ಮೊದಲ ಪುಟದಲ್ಲಿ ನನ್ನ ಹೆಸರು. ಯಾರು ಏನು ಕೇಳಿದರೂ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವರು ಕೇಳುತ್ತಿರುವುದು ಕಾಗದದ ಬಗ್ಗೆಯಲ್ಲ, ಪದ್ಯದ ಬಗ್ಗೆ ಎಂದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ತರಬೇತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡವಳು ನಾನು. ಪದ್ಯ ಉಳಿದರೆ ಸಾಕು, ಆ ಮನುಷ್ಯನ ಕೈಗೆ ಇದೂ ಹೋಗದಿದ್ದರೆ ಸಾಕು ಎಂದು ಹಲ್ಲು ಕಚ್ಚಿ ಸ್ವಂತದ್ದು ಎಂದು ಒತ್ತಿದೆ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲಾಗದು ಎಂಬ ಸಾಲಿಗೂ ಗುರುತು ಹಾಕಿದೆ. ಕರ್ತೃ ಎಂಬ ಜಾಗದಲ್ಲಿ ನನ್ನ ಹೆಸರು ತಾನಾಗಿಯೇ ಬಂದು ಕೂತಿತು.

ಯಾರೂ ಅಳಿಸಲಿಲ್ಲ. ನಿಜ ಹೇಳಿದಾಗ ಒಂದು ಸಂಜೆಯೂ ಉಳಿಯದಿದ್ದದ್ದು ಈಗ ಕಲ್ಲಿನಂತೆ ನಿಂತಿತು. ಹಕ್ಕಿಯ ಹೆಸರಿನವರು ಬಂದು, ಸ್ವಂತ ಕೃತಿಯನ್ನು ಎಲ್ಲರಿಗೂ ಮುಕ್ತವಾಗಿ ನೀಡಿದ್ದಕ್ಕೆ ಧನ್ಯವಾದ ಎಂದು ಬರೆದುಹೋದರು. ನಾನು ಅದರ ಕೊಂಡಿಯನ್ನು ಪಾವಗಡದ ಸೊಸೆಗೆ ಕಳಿಸಿ, ನಿಮ್ಮ ಮಾವ ಬಂದ ಮೇಲೆ ತೋರಿಸಮ್ಮ ಎಂದೆ. ಜಂಬದಿಂದಲೇ ಕಳಿಸಿದೆ, ಸುಳ್ಳೇಕೆ.

ಐದಾರು ದಿನದ ಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ನಂಬರಿನಿಂದ ಒಂದು ಫೋಟೊ, ಒಂದು ಧ್ವನಿ ಸಂದೇಶ ಬಂದವು. ಧ್ವನಿಯನ್ನು ಮೊದಲು ಕೇಳಿದೆ. ರಾಜಪಾರ್ಟಿನ ಕಂಠ, ಮುಪ್ಪಾಗಿದ್ದರೂ ಗಟ್ಟಿ.

"ಅಮ್ಮಾ, ಬಾಗುನ್ನಾವಾ, ಚೆಂದಾಗಿದ್ದೀಯಾ? ಸೊಸೆ ಫೋನ್‌ನಾಗೆ ತೋರ್ಸಿದ್ಲು. ನಿನ್ ಎಸ್ರು ನೋಡ್ದೆ. ಇಷ್ಟು ವರ್ಸ ಮೇಷ್ಟ್ರೇ ಕಟ್ಟಿದ್ದು ಅನ್ಕಂಡಿದ್ನಲ್ಲ ತಲ್ಲೀ! ಅವ್ರು ಬ್ಯಾಡ ಬ್ಯಾಡ ಅಂದ್ರೂ ನಾವೇ ಅಟ ಮಾಡಿ ಕರಪತ್ರದಾಗೆ ಅಂಗೇ ಹಾಕ್ಸಿದ್ವಿ. ಅದ್ಕೇ ಏನೋ ಅವ್ರು ಬ್ಯಾಡ ಅಂದಿದ್ದು. ತಪ್ಪಾಗೋಯ್ತು ಕಣಮ್ಮ, ಕ್ಷಮಿಂಚು. ಇವತ್ತು ತಿದ್ದಿವ್ನಿ, ಫೋಟೋ ಕಳ್ಸಿವ್ನಿ ನೋಡು."

ಫೋಟೊ ತೆರೆದೆ. ಮಾಸಿದ ಗುಲಾಬಿ ಬಣ್ಣದ ಕರಪತ್ರ. ಕೆಳಗೆ ಅಚ್ಚಿನ ಮನೆಯ ವಿಳಾಸ. ಅದರ ಮೇಲೆ, ಮೂಲೆಯಲ್ಲಿ ಅಲ್ಲ, ನಟ್ಟನಡುವೆ, ದಪ್ಪ ಅಕ್ಷರದಲ್ಲಿ ಪದ್ಯರಚನೆ ಮತ್ತು ಹಾರ್ಮೋನಿಯಂ ಎಂದು ಅಪ್ಪನ ಹೆಸರು. ಮನೆಯವರಲ್ಲದವರು ಅಚ್ಚು ಹಾಕಿಸಿದ ಒಂದು ಚೂರು ಕಾಗದ. ನಾಲ್ಕು ತಾಲೂಕಿನಲ್ಲಿ ಅದೊಂದೇ ಇತ್ತೋ ಏನೋ. ಆ ಹೆಸರಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ, ಸ್ಕೇಲು ಇಟ್ಟು, ನೇರವಾಗಿ ಗೀಟು ಎಳೆದಿದ್ದರು. ಮೇಲೆ ನಡುಗುವ ಅಕ್ಷರದಲ್ಲಿ ನನ್ನ ಹೆಸರು ಬರೆದಿದ್ದರು.

ಬುತ್ತಿಯ ಡಬ್ಬಿ ಮುಚ್ಚಿ ಶಾಲೆಯ ಹಿಂದಿನ ಬೇವಿನ ಮರದ ಹತ್ತಿರ ಹೋಗಿ ಫೋನು ಮಾಡಿದೆ.

"ಅಣ್ಣಾ, ಅದು ಅಪ್ಪಂದೇ. ನೀವು ಅನ್ಕೊಂಡಿದ್ದೇ ಸರಿ. ಕಟ್ಟಿದ್ದೆಲ್ಲ ಅಪ್ಪನೇ."

ಅವರು ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದರು.

"ಮತ್ತೆ ನೀನ್ಯಾಕಮ್ಮ ನಿನ್ ಎಸ್ರು ಹಾಕ್ಕಂಡೆ?"

ಹಕ್ಕಿಯ ವಿಷಯ ಹೇಳಬಹುದಿತ್ತು, ಉಪನ್ಯಾಸಕರ ವಿಷಯ ಹೇಳಬಹುದಿತ್ತು, ಅವರು ಬರುವವರೆಗೆ ಕಾಯಲಿಲ್ಲ ಎಂದು ಒಪ್ಪಿಕೊಳ್ಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು.

"ಅಪ್ಪನೇ ಬರೆಸಿದ್ದು" ಎಂದೆ.